ತುಂಬಿದ ಹೊಳೆಯ ಮೇಲೆ ಹಾಡಿದ ಮಾರ್ಥಾಬಾಯಿಯವರು

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ತಾಯಂದಿರ ಆರೈಕೆಯ ಚರಿತ್ರೆಯನ್ನು ಯಾರೇ ಬರೆಯಲಿ, ಶ್ರೀಮತಿ ಮಾರ್ಥಾಬಾಯಿ ದೇವಪುತ್ರ ಅವರ ಹೆಸರು ಅದರ ಮೊದಲ ಪುಟದಲ್ಲೇ ಬರಬೇಕು. ಮೂವತ್ತು ವರ್ಷ ಮಿಶನ್ ದವಾಖಾನೆಗಳಲ್ಲಿ ದಾದಿಯಾಗಿ ದುಡಿದು ಈ ೧೯೪೬ರ ಡಿಸೆಂಬರಿನಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಅವರ ಕೈಕೆಳಗೆ ಕೆಲಸ ಕಲಿತವರಿಗೆಲ್ಲ ಇದು ಕಣ್ಣು ತುಂಬುವ ಹೊತ್ತಾಗಬೇಕಿತ್ತು. ಆದರೆ ಅವರನ್ನು ಬಲ್ಲವರಿಗೆ ಹಿಗ್ಗದೆ ಇರುವುದು ಕಷ್ಟ.

ಕಂಬಳಿ ನೇಯುವವರ ಮನೆಯಲ್ಲಿ ಹುಟ್ಟಿ, ಯಾದಗಿರಿಯಲ್ಲಿ ತರಬೇತಿ ಪಡೆದು, ೧೯೧೬ರಲ್ಲಿ ಅಲ್ಲಿಯೇ ಅವರು ಸೇವೆಗೆ ಸೇರಿದರು. ಐದು ವರ್ಷದ ಬಳಿಕ ಶಹಾಪುರಕ್ಕೆ ವರ್ಗವಾದಾಗ, ಪರದೆಯೊಳಗಿನ ಹೆಂಗಸರ ನೋವನ್ನು ಇನ್ನೊಬ್ಬರ ಬಾಯಿಂದ ಕೇಳಬಾರದೆಂದು ಗೌಹರಬೇಗಂ ಎಂಬ ಹಿರಿಯ ಉಸ್ತಾದಿನಿಯ ಬಳಿ ಕುಳಿತು ಉರ್ದು ಕಲಿತರು. ಶಿರವಾಳದ ಒಕ್ಕಲು ಮನೆಯೊಂದರಲ್ಲಿ ಬಾಣಂತಿಗೆ ಜ್ವರ ಏರಿದಾಗ ಒಂಬತ್ತು ದಿನ ಅಲ್ಲೇ ಉಳಿದರು. ಮೊದಲ ದಿನ ಅವರಿಗೆ ಹೊರಗಿನ ಕಟ್ಟೆಯ ಮೇಲೆ ರೊಟ್ಟಿ ಕೊಟ್ಟ ಬಾಣಂತಿಯ ಅತ್ತೆಯೇ ಹತ್ತನೆಯ ದಿನ ಕೈಹಿಡಿದು ಒಲೆಯ ಬಳಿ ಕರೆದೊಯ್ದು ಉಣಬಡಿಸಿದಳು.

೧೯೨೮ರಲ್ಲಿ ಕಕ್ಕೇರಾದಲ್ಲಿ ಸಣ್ಣ ದವಾಖಾನೆ ತೆರೆದಾಗ ಅವರೂ ಅವರ ಪತಿ ಯೋಹಾನ ಮಾಸ್ತರರೂ ಅಲ್ಲಿ ಮನೆ ಮಾಡಿದರು. ಮಾಸ್ತರರು ವಾರಕ್ಕೆರಡು ಬಾರಿ ಹರಿಗೋಲಿನಲ್ಲಿ ಕೃಷ್ಣೆಯ ನಡುಗಡ್ಡೆಗೆ ಹೋಗಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು, ರಾಶಿಯ ಕಣದಲ್ಲಿ ಹಾಡುವ ಹಂತಿ ಪದಗಳ ಧಾಟಿಯಲ್ಲಿ ಸ್ತೋತ್ರ ಕಟ್ಟಿ ಹಾಡುತ್ತಿದ್ದರು. ೧೯೩೨ರ ಮಳೆಗಾಲದಲ್ಲಿ ಆ ಹರಿಗೋಲು ಮಗುಚಿತು. ಅಂಬಿಗ ಭಾಗಣ್ಣ ಬದುಕಿ ಬಂದ, ಮಾಸ್ತರರು ಬರಲಿಲ್ಲ.

ಮಾರ್ಥಾಬಾಯಿಯವರು ನಾಲ್ಕನೆಯ ದಿನವೇ ಕೆಲಸಕ್ಕೆ ಮರಳಿದರು. ಪ್ರಾರ್ಥನೆ ಬಿಡಲಿಲ್ಲ, ಆದರೆ ಹಾಡು ಬಿಟ್ಟರು. ಆರಾಧನೆಯಲ್ಲಿ ಎಲ್ಲರೂ ಸ್ತೋತ್ರ ಹೇಳುವಾಗ ಅವರ ತುಟಿ ಮಾತ್ರ ಅಲುಗುತ್ತಿತ್ತು. ದೇವರ ಮೇಲೆ ತಮಗೆ ಸಿಟ್ಟಿತ್ತೆಂದು ಅವರೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದ್ದುಂಟು.

ಮೂರು ವಾರ ಕಳೆದಿರಬಹುದು. ಒಂದು ಬೆಳಿಗ್ಗೆ ದವಾಖಾನೆಯ ಬಾಗಿಲಲ್ಲಿ ತೊಯ್ದ ಮೈಯಲ್ಲಿ ಭಾಗಣ್ಣ ನಿಂತಿದ್ದ. ಆ ದುರ್ದಿನದ ನಂತರ ಅವನು ಅವರ ಎದುರಿಗೆ ಬಂದಿರಲಿಲ್ಲ.

“ನಿಮ್ಮ ಮುಂದ ನಿಲ್ಲಾಕ ನನಗ ಮಾರಿ ಇಲ್ರಿ ಅಮ್ಮಾರ,” ಎಂದ. “ಮಗಳು ಮೌನಮ್ಮ ನಿನ್ನಿಯಿಂದ ಬ್ಯಾನಿ ತಿನ್ನಾಕತ್ತಾಳ. ಕೂಸು ಅಡ್ಡ ಬಿದ್ದೈತಂತ್ರಿ. ಸೂಲಗಿತ್ತಿ ಕೈ ಚೆಲ್ಯಾಳ.”

“ಎಲ್ಲಿದಾಳ?”

“ನಡುಗಡ್ಡಿಯಾಗ್ರಿ. ಹೊಳಿ ತುಂಬೈತಿ. ಬರ್ರಿ ಅನ್ನಾಕ ನನಗ ಬಾಯಿ ಬರವಲ್ದು.”

ಮಾರ್ಥಾಬಾಯಿಯವರು ಚೀಲ ಎತ್ತಿಕೊಂಡರು. ದಂಡೆ ಮುಟ್ಟಿದಾಗ ಕೆಂಪು ನೀರು ಮರದ ಬೊಡ್ಡೆಗಳನ್ನು ಹೊತ್ತು ಓಡುತ್ತಿತ್ತು. “ಕರ್ತನೇ, ನನ್ನ ಕಾಲು ಮುಂದ ಹೋಗವಲ್ವು, ನೀನ ಎತ್ತಿಡು,” ಎಂದು ಗಟ್ಟಿಯಾಗಿಯೇ ಹೇಳಿ, ತಮ್ಮ ಗಂಡನನ್ನು ದಡ ಸೇರಿಸಲಾಗದ ಅಂಬಿಗನ ಹರಿಗೋಲಿನಲ್ಲಿ ಕುಳಿತರು.

ನಡುನೀರಿನಲ್ಲಿ ಹರಿಗೋಲು ಗರಗರ ತಿರುಗಿತು. ಭಾಗಣ್ಣ ಹುಟ್ಟು ಹಾಕುತ್ತಲೇ ಅಳತೊಡಗಿದ.

“ಹೇಳದs ಇರಾಕಾಗವಲ್ದುರಿ. ಅವತ್ತು ನಮ್ಮಿಬ್ಬರ ನಡುವ ಹಿಡಕೊಂಡು ತೇಲಾಕ ಇದ್ದದ್ದು ಒಂದs ಈಸುಬುರುಡಿ. ಮಾಸ್ತರ ಕೈಗೆ ಸಿಕ್ಕಿತ್ತು. ನನ್ನ ಕಡಿ ನೂಕಿದರ್ರಿ. ‘ಭಾಗಣ್ಣ, ನಿನಗ ಮಕ್ಕಳದಾವ, ಹಿಡಿ’ ಅಂದ್ರು.”

ಇಷ್ಟು ದಿನ ಮಾರ್ಥಾಬಾಯಿಯವರು ಗಂಡನನ್ನು ಹೊಳೆ ಕಸಿದುಕೊಂಡಿತೆಂದೇ ತಿಳಿದಿದ್ದರು. ಕಸಿದುಕೊಂಡದ್ದಲ್ಲ, ಮಾಸ್ತರರು ತಾವಾಗಿ ಕೊಟ್ಟದ್ದು! ಜೀವ ಕೊಟ್ಟು ಜೀವ ಉಳಿಸಿದ ಕ್ರಿಸ್ತನ ಹಿಂದೆ ನಡೆಯುತ್ತೇನೆಂದು ಹೇಳುತ್ತಿದ್ದ ಮನುಷ್ಯ, ಕೊನೆಯ ಗಳಿಗೆಯಲ್ಲಿ ಹಾಗೆಯೇ ನಡೆದಿದ್ದರು. ದುಃಖ ಕರಗಲಿಲ್ಲ, ಆದರೆ ಅದರ ಮಗ್ಗುಲಲ್ಲೇ ಒಂದು ಹೆಮ್ಮೆ ಎದ್ದು ನಿಂತು ಎದೆಯನ್ನು ತುಂಬಿತು.

“ಅಳಬ್ಯಾಡ ಭಾಗಣ್ಣ. ಹುಟ್ಟು ಗಟ್ಟಿ ಹಿಡಿ,” ಎಂದು ಅವರು ಬಾಯ್ದೆರೆದು, ಮಾಸ್ತರರು ಕಟ್ಟಿದ್ದ ಸ್ತೋತ್ರವನ್ನು ಹಾಡಿದರು. ನೀರಿನ ಮೊರೆತಕ್ಕಿಂತ ಎತ್ತರದ ದನಿಯಲ್ಲಿ, ದಂಡೆ ಸಿಗುವವರೆಗೂ ಹಾಡಿದರು. ಹಾಡಿನ ಲಯಕ್ಕೇ ಭಾಗಣ್ಣನ ಹುಟ್ಟು ಬಿದ್ದಿತು.

ಗುಡಿಸಲಿನಲ್ಲಿ ಮೌನಮ್ಮನ ಉಸಿರು ಸೋತಿತ್ತು. ಮಾರ್ಥಾಬಾಯಿಯವರು ಕೈ ತೊಳೆದು, ಒಂದು ಗಂಟೆಯ ಕಾಲ ಬೆವರು ಸುರಿಸಿ, ಕೂಸನ್ನು ಒಳಗೇ ತಿರುಗಿಸಿ ಕಾಲು ಹಿಡಿದು ಹೊರತೆಗೆದರು. ಕೂಸು ನೀಲಿಗಟ್ಟಿತ್ತು. ಬಾಯಿಗೆ ಬಾಯಿಟ್ಟು ಉಸಿರೂದಿದರು, ಬೆನ್ನು ಉಜ್ಜಿದರು, ಮತ್ತೆ ಊದಿದರು. ಅದು ಚೀರಿದ ಕೂಡಲೇ ಹೊರಗೆ ನಿಂತಿದ್ದ ಗಡ್ಡೆಯ ಜನವೆಲ್ಲ ಹೋ ಎಂದಿತು!

“ಹೆಣ್ಣು! ತಾಯಿ, ಮಗಳು ಇಬ್ಬರೂ ಅದಾರ!” ಎಂದು ಮಾರ್ಥಾಬಾಯಿಯವರು ಬಾಗಿಲಿಗೆ ಬಂದು ಕೂಗಿದರು. ಅವರು ನಗುತ್ತಿದ್ದರು, ಕಣ್ಣೀರೂ ಇಳಿಯುತ್ತಿತ್ತು.

ಹೊಳೆ ಇನ್ನೂ ಏರಿ ಆರು ದಿನ ಅವರು ಅಲ್ಲೇ ಉಳಿಯಬೇಕಾಯಿತು. ಭಾನುವಾರ ಒಬ್ಬರೇ ಕುಳಿತು ಆರಾಧನೆ ಮಾಡುವಾಗ ಮಾಸ್ತರರ ಬಳಿ ಕಲಿತ ಮಕ್ಕಳು ಸುತ್ತ ಬಂದು, ಅದೇ ಸ್ತೋತ್ರವನ್ನು ಒಂದಕ್ಷರ ತಪ್ಪದೆ ಹಾಡಿದರು. ಹಿರಿಯರು ಡೊಳ್ಳು ತಂದರು. ಭಾಗಣ್ಣ ತನ್ನ ದೇವರನ್ನು ಬಿಡಲಿಲ್ಲ, ಅವರೂ ಬಿಡೆಂದು ಹೇಳಲಿಲ್ಲ. ಆದರೆ ಮುಂದಿನ ಹದಿನಾಲ್ಕು ವರ್ಷ, ಹೊಳೆಯಾಚೆಗೆ ಹೆರಿಗೆ ಇದ್ದಾಗಲೆಲ್ಲ ಅವನ ಹರಿಗೋಲು ಅವರಿಗಾಗಿ ಕಾದಿರುತ್ತಿತ್ತು.

ಇನ್ನಾದರೂ ವಿಶ್ರಾಂತಿ ತೆಗೆದುಕೊಳ್ಳಿರೆಂದು ಮೊನ್ನೆ ಅವರ ಕೈಕೆಳಗೆ ಕಲಿತ ನಾವೆಲ್ಲ ಬಿನ್ನವಿಸಿಕೊಂಡೆವು. “ಗಡ್ಡಿಯಾಗ ಹನ್ನೊಂದು ಮಂದಿ ಹೆಣ್ಣುಮಕ್ಕಳು ಹೆರಿಗಿ ಕೆಲಸ ಕಲಿಯಾಕ ಕಾಯಾಕತ್ತಾರ. ಸೋಮವಾರ ಹೊಂಟೀನಿ,” ಎಂದು ಅವರು ಉತ್ಸಾಹದಿಂದ ಹೇಳಿದರು. ಆ ಹನ್ನೊಂದು ಮಂದಿ ತಮ್ಮ ಶಿಷ್ಯೆಯರಿಗೆ ಕಲಿಸುವುದನ್ನೂ ಕಣ್ಣಾರೆ ನೋಡುವಷ್ಟು ದೀರ್ಘ ಆಯುಷ್ಯವನ್ನು, ಗಟ್ಟಿ ಕೈಗಳನ್ನು ಕರ್ತನು ಈ ತಾಯಿಗೆ ದಯಪಾಲಿಸಲಿ.