ತಂತಿ ಇಳಿಯದ ಗಿಟಾರ್

ನಮ್ಮ ಅಣ್ಣನ ದನಿ ಕರಿ ಎರಡು. ಹಾರ್ಮೋನಿಯಂ ಗೊತ್ತಿಲ್ಲದವರಿಗೆ ಹೇಳುವುದಾದರೆ, ಪೇಟಿಯ ಎರಡನೆಯ ಕಪ್ಪು ಮನೆ ಒತ್ತಿದಾಗ ಬರುವ ಸುರವೇ ಅವನ ಷಡ್ಜ. ಅಲ್ಲಿಂದಲೇ ಅವನ ಹಾಡು ಹೊರಡುತ್ತಿತ್ತು. ನಮ್ಮ ಕಡೆ ಹಾಡುವವರ ಗುರುತು ಹೇಳುವುದೇ ಹೀಗೆ: ಇಂಥವರ ಮಗ, ಇಂಥ ಓಣಿ, ಕರಿ ಎರಡು. ಅಷ್ಟು ಕೇಳಿದ ಕೂಡಲೇ ತಬಲಾದವನು ಸುತ್ತಿಗೆ ಹುಡುಕುತ್ತಿದ್ದ, ಏಕತಾರಿಯವನು ಬಿರಡೆ ತಿರುವುತ್ತಿದ್ದ. ಹಾಡುವವನು ವಾದ್ಯಕ್ಕಾಗಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ವಾದ್ಯವೇ ಅವನ ಹತ್ತಿರ ಹೋಗಬೇಕು. ಬಸವಕಲ್ಯಾಣದ ಭಜನೆ ಮನೆಗಳಲ್ಲಿ ನಾನು ಕಲಿತ ಸಂಗೀತವೆಂದರೆ ಇಷ್ಟೇ. ಸಮಯ ಬಂದಾಗ ಅದನ್ನೂ ಮರೆತೆ.

ಅಣ್ಣ ಹುಮನಾಬಾದಿನ ದಾಲ್ ಮಾರ್ಕೆಟ್ಟಿನಲ್ಲಿ ಅಡತಿ ಅಂಗಡಿಯೊಂದರ ತೂಕದವ. ಬೆಳಿಗ್ಗೆ ಕಲ್ಯಾಣದಿಂದ ಬಸ್ಸು ಹಿಡಿದು ಹೋಗಿ, ಸಂಜೆಯವರೆಗೆ ತೊಗರಿ, ಕಡಲೆ, ಉದ್ದಿನ ಚೀಲಗಳ ತೂಕ ಕೂಗುವುದು ಅವನ ಕೆಲಸ. ಮೊದಲ ಚೀಲಕ್ಕೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನಬೇಕು. ಅಂಗಳದ ಆ ಕಡೆ ಕೂತ ಗುಮಾಸ್ತನಿಗೆ ಕೇಳಿಸುವಂತೆ ಧೂಳಿನಲ್ಲಿ ನಿಂತು ದಿನವಿಡೀ ಕೂಗಿದ ಗಂಟಲಿನಿಂದಲೇ ಸಂಜೆ ಹಾಡುತ್ತಿದ್ದ. ಯಾವ ಲವಂಗ, ಯಾವ ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡಿದ್ದನ್ನೂ ನಾನು ನೋಡಿಲ್ಲ. ಒಂದು ಲೋಟ ನೀರು ಕುಡಿದು ಮೈಕಿನ ಮುಂದೆ ನಿಂತರೆ ಆಯಿತು.

ತೊಂಬತ್ತರ ದಶಕದ ಕೊನೆಗೆ ನಮ್ಮದೊಂದು ಮೆಲೊಡಿ ಪಾರ್ಟಿ ಇತ್ತು. ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುವವರೊಬ್ಬರು ಮಾಲಕರು, ನಾವು ಆರು ಜನ ಹಾಡುವವರು, ಬಾರಿಸುವವರು. ಮದುವೆ, ಗೃಹಪ್ರವೇಶ, ಬಸುರಿಯ ಕುಬುಸ, ಯಾವುದಕ್ಕೆ ಕರೆದರೂ ಹೊರಡುತ್ತಿದ್ದೆವು. ಒಂದೇ ಮದುವೆಯಲ್ಲಿ ಹಳೆಯ ಹಿಂದಿ ಹಾಡು, ಮರಾಠಿ ಲಾವಣಿ, ಕವ್ವಾಲಿ, ಹುಡುಗರು ಕುಣಿಯುವ ಹೊಸ ಹಾಡು ಎಲ್ಲ ಬೇಕಾಗುತ್ತಿದ್ದವು. ಆದರೆ ಯಾರ ಮನೆಯದೇ ಇರಲಿ, ಮೊದಲು ಒಂದು ವಚನ ಹಾಡಿಯೇ ಕಾರ್ಯಕ್ರಮ ಶುರುವಾಗಬೇಕು. ಕಲ್ಯಾಣದವರು ಅಂದಮೇಲೆ ಅಷ್ಟಾದರೂ ಬೇಡವೇ? ಆ ವಚನ ಅಣ್ಣನದು. ಊಟದ ಪಂಕ್ತಿಯಲ್ಲಿದ್ದವರು ಕೈಯಲ್ಲಿ ತುತ್ತು ಹಿಡಿದುಕೊಂಡು ಕೇಳಿದ್ದನ್ನು ನಾನು ಕಂಡಿದ್ದೇನೆ.

ನನ್ನದು ಗಿಟಾರ್. ಹಗಲು ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುವ ಕೆಲಸ, ಸಂಜೆ ಉಕ್ಕಿನ ತಂತಿ. ಕಲಿಸಿದವರು ಬೆಂಜೊ ಬಾರಿಸುತ್ತಿದ್ದ ಒಬ್ಬ ಮುದುಕರು. ಅವರಿಗೆ ಗಿಟಾರ್ ಬರುತ್ತಿರಲಿಲ್ಲ, ನನಗೆ ಬೆಂಜೊ ಬೇಕಿರಲಿಲ್ಲ, ಹೇಗೋ ಹೊಂದಿಕೊಂಡೆವು. ಹೀಗಾಗಿ ನನ್ನ ಬೆರಳುಗಳಿಗೆ ಗೊತ್ತಿದ್ದದ್ದು ಗಿಟಾರಿನ ಕುತ್ತಿಗೆಯ ಒಂದೇ ಜಾಗ. ಬೇರೆ ಸುರದವರು ಹಾಡಲು ಬಂದರೆ ನಾನು ಕೈ ಸರಿಸುತ್ತಿರಲಿಲ್ಲ, ಬಿರಡೆ ತಿರುವಿ ಆರೂ ತಂತಿಗಳನ್ನು ಅವರ ಸುರಕ್ಕೆ ತರುತ್ತಿದ್ದೆ. ಎರಡು ನಿಮಿಷದ ಕೆಲಸ. ಗಿಟಾರ್ ಕಲಿತವರು ಕೇಳಿದರೆ ನಗುತ್ತಾರೆ, ನಗಲಿ. ನಮ್ಮಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು.

ಅದು ಮರದ ಡಬ್ಬಿಯ ಗಿಟಾರ್. ಹೊಟ್ಟೆಗೆ ತಂತಿಯ ದನಿ ಹಿಡಿಯುವ ಒಂದು ಪಿಕಪ್ ಅಂಟಿಸಿದ್ದೆ. ದನಿ ಸ್ವಲ್ಪ ಹೆಚ್ಚು ಮಾಡಿದರೆ ಸ್ಪೀಕರಿನಿಂದ ಕುಂಯ್ ಎಂದು ಅರಚುತ್ತಿತ್ತು, ಮದುಮಗಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಎರಡು ಸಾವಿರದ ಇಸವಿ ದಾಟಿದ ಮೇಲೆ ಇನ್ನು ಎಲೆಕ್ಟ್ರಿಕ್ ಗಿಟಾರ್ ಆಗಲೇಬೇಕು ಎಂದು ಹಟ ಹಿಡಿದೆ. ಮಾಲಕರು ಅರ್ಧ ಕೊಡಲು ಒಪ್ಪಿದರು, ಉಳಿದದ್ದಕ್ಕೆ ಅಣ್ಣ ಕೈ ಜೋಡಿಸಿದ. ಎಲ್ಲ ಸೇರಿ ಹನ್ನೆರಡು ಸಾವಿರ. ತೀರ ಅಗ್ಗದ್ದು ತಂದು ಅಳುವುದೂ ಬೇಡ, ಹೊರಗಿನ ದೇಶದ ದೊಡ್ಡ ಮಾಲಿನ ಕನಸೂ ಬೇಡ, ನಡುವಿನದೊಂದು ಇರಲಿ, ಆದರೆ ಕವ್ವಾಲಿಯಿಂದ ಡಿಸ್ಕೋವರೆಗೆ ಎಲ್ಲಕ್ಕೂ ಒದಗಬೇಕು. ಇದು ನನ್ನ ಲೆಕ್ಕ.

ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹಿಂದೆ ಆಂಪ್ಲಿಫೈಯರ್ ರಿಪೇರಿ ಮಾಡುವ ಚಾಚಾ ಒಬ್ಬರಿದ್ದರು. ಹೇಳಿದರೆ ಹೈದರಾಬಾದಿನಿಂದ ವಾದ್ಯಗಳನ್ನೂ ತರಿಸಿಕೊಡುತ್ತಿದ್ದರು. ಮಾರ್ಕೆಟ್ಟಿಗೆ ರಜೆ ಇದ್ದ ದಿನ ನಾನೂ ಅಣ್ಣನೂ ಹೋದೆವು. ಚಾಚಾ ಬೆಂಚಿನ ಮೇಲೆ ಹಳೆಯ ರಜಾಯಿ ಹಾಸಿ ಮೂರು ಗಿಟಾರ್ ಮಲಗಿಸಿದ್ದರು. ಮೊದಲನೆಯದು ತೆಳು ದನಿಯದು. ಹಳೆಯ ಹಿಂದಿ ಹಾಡಿಗೆ ಹೇಳಿ ಮಾಡಿಸಿದಂತಿತ್ತು, ಆದರೆ ಟ್ಯೂಬ್‌ಲೈಟ್ ಹಚ್ಚಿದರೆ ಸಾಕು, ಒಳಗೆ ನೊಣ ಹೊಕ್ಕಂತೆ ಗುಂಯ್‌ಗುಡುತ್ತಿತ್ತು. ಮದುವೆ ಮಂಟಪದಲ್ಲಿ ಟ್ಯೂಬ್‌ಲೈಟ್ ಇಲ್ಲದೆ ಆಗುತ್ತದೆಯೇ? ಅದನ್ನು ಬದಿಗಿಟ್ಟೆವು.

ಉಳಿದ ಎರಡರ ಬೆಲೆ ಹೆಚ್ಚುಕಮ್ಮಿ ಒಂದೇ. ಒಂದು ಕಂದು ಬಣ್ಣದ್ದು, ನೋಡಲು ಹಳೆಯ ಕಪಾಟಿನ ಬಾಗಿಲಿನಂತಿತ್ತು. ತೆಳು ದನಿಯ ಪಿಕಪ್ ಎರಡು, ದಪ್ಪ ದನಿಯದೊಂದು, ತಂತಿ ಕೂರುವ ಬ್ರಿಜ್ ಮರಕ್ಕೆ ಗಟ್ಟಿಯಾಗಿ ಕೂತಿತ್ತು. ಇನ್ನೊಂದು ನೀಲಿ. ಪಿಕಪ್ಪುಗಳು ಅವೇ, ಆದರೆ ಬ್ರಿಜ್ ಸ್ಪ್ರಿಂಗುಗಳ ಮೇಲೆ ತೇಲುತ್ತಿತ್ತು, ಅದಕ್ಕೊಂದು ಹ್ಯಾಂಡಲ್. ಹ್ಯಾಂಡಲ್ ಒತ್ತಿದರೆ ಸುರ ಬಾವಿಗೆ ಇಳಿದು ಮತ್ತೆ ಮೇಲೆ ಬರುತ್ತಿತ್ತು. ಎಷ್ಟು ಒತ್ತಿದರೂ ಶ್ರುತಿ ತಪ್ಪದಿರಲಿ ಎಂದು ಮೇಲ್ತುದಿಯಲ್ಲಿ ತಂತಿಗಳನ್ನು ಸ್ಕ್ರೂ ಹಾಕಿ ಬಿಗಿದಿದ್ದರು. ನಾನು ಒಮ್ಮೆ ಒತ್ತಿ ಬಿಟ್ಟೆ. ಅಷ್ಟರಲ್ಲೇ ನನ್ನ ಮನಸ್ಸು ಮಾರಿಹೋಗಿತ್ತು.

ಅಣ್ಣ ಅಲ್ಲಿಯವರೆಗೆ ಸುಮ್ಮನೆ ಸ್ಟೂಲಿನ ಮೇಲೆ ಕೂತಿದ್ದ. “ಚಾಚಾ, ಈ ನೀಲಿದು ಸುರ ಎರಡು ಮನಿ ಕೆಳಗ ಇಳಸಾಕ ಬರ್ತದೇನ್ರಿ?” ಎಂದು ಕೇಳಿದ.

“ಬರ್ತದ, ಖರೆ ಭಾಳ ತ್ರಾಸ್ ಅದ” ಅಂದರು ಚಾಚಾ. “ಪಾನಾ ಹಚ್ಚಿ ಈ ಲಾಕ್ ತೆಗೀಬೇಕು, ಹಿಂದಿನ ಸ್ಪ್ರಿಂಗ್ ಸಡಿಲ ಮಾಡ್ಬೇಕು. ಒಂದು ತಂತಿ ಇಳಸಿದ್ರ ಉಳಿದ ಐದು ಏರ್ತಾವ. ಅರ್ಧ ತಾಸಂತೂ ಹೋಯ್ತು. ಈ ಕಂದು ಗಿಟಾರ್ ನೋಡ್ರಿ, ಬಿರಡಿ ತಿರುವಿದ್ರ ಮುಗೀತು. ನನ್ನ ಕೇಳಿದ್ರ ಇದೇ ಅಚ್ಛಾ.”

“ಇಳಸೋದು ಯಾಕ ಬೇಕು?” ಎಂದು ನಾನು ನಡುವೆ ಬಾಯಿ ಹಾಕಿದೆ. “ನಿಂದು ಕರಿ ಎರಡು. ಅಲ್ಲೇ ಲಾಕ್ ಮಾಡಿ ಇಟ್ಟುಬಿಡ್ತೀನಿ. ಉಳಿದವ್ರು ಹೊಂದ್ಕೋತಾರ.”

ಅಣ್ಣ ಕಂದು ಗಿಟಾರಿನ ಬಿರಡೆಯನ್ನು ಒಮ್ಮೆ ತಿರುವಿ, ತಂತಿ ಮೀಟಿ, ಮತ್ತೆ ತಿರುವಿದ. “ಹಂಗ ಕೇಳಿದೆ ತಮ್ಮಾ. ಬಾರಿಸಾಂವ ನೀನು. ನಿನಗ ಯಾವುದು ಮನಸ್ಸಿಗಿ ಬಂದದ ಅದನ್ನ ತಗೋ.”

ಕಂದು ಗಿಟಾರ್ ಎಲ್ಲದಕ್ಕೂ ಒದಗುವಂಥದ್ದು ಎಂದು ನನಗೆ ಅಲ್ಲೇ ಗೊತ್ತಿತ್ತು. ದನಿಯಲ್ಲಿ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನೀಲಿಯದನ್ನು ಹಿಡಿದು ಸ್ಟೇಜಿನ ಮೇಲೆ ನಿಂತರೆ ಹೇಗೆ ಕಾಣುತ್ತೇನೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಅಣ್ಣ ಎಂದಾದರೂ ಸುಮ್ಮಸುಮ್ಮನೆ ಒಂದು ಮಾತು ಕೇಳಿದ್ದುಂಟೇ ಎಂದು ನಾನು ಯೋಚಿಸಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. ಅವನು ಕೂತು ನೀಲಿ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡ, ಹಳ್ಳ ಬಂದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದ.

ಮೊದಲ ಮೂರ್ನಾಲ್ಕು ತಿಂಗಳು ನಾನು ನೆಲದ ಮೇಲೆ ಇರಲಿಲ್ಲ. ಬೇಮಳಖೇಡದ ಒಂದು ಮದುವೆಯಲ್ಲಿ ಹಾಡುವವರನ್ನು ಬಿಟ್ಟು ನನ್ನ ಫೋಟೊ ತೆಗೆದರು. ಆ ದಿನಗಳಲ್ಲೇ ಅಣ್ಣನ ದನಿ ಮೇಲಿನ ಸ್ವರಕ್ಕೆ ಹೋದಾಗ ಒರಟಾಗುತ್ತಿತ್ತು. ಯಾರಾದರೂ ಕೇಳಿದರೆ ತೊಗರಿ ಧೂಳು ಅನ್ನುತ್ತಿದ್ದ. ನಾನೂ ತೊಗರಿ ಧೂಳು ಅಂದುಕೊಂಡೆ. ಅದರಷ್ಟು ಸುಲಭದ ಕಾರಣ ಬೇರೆ ಯಾವುದಿತ್ತು?

ರಾಜೇಶ್ವರದಲ್ಲಿ ಒಂದು ಮದುವೆ. ಅಕ್ಷತೆ ಮುಗಿದು ಮಧ್ಯಾಹ್ನದ ಊಟ ನಡೆದಿತ್ತು. ನಾನು ವೈರು ಜೋಡಿಸುತ್ತಿದ್ದಾಗ ಅಣ್ಣ ಹತ್ತಿರ ಬಂದು, ಉಳಿದವರಿಗೆ ಕೇಳಿಸದ ಹಾಗೆ, “ಒಂದೀಟು ಇಳಸ್ತೀಯೇನು? ಒಂದೇ ಮನಿ ಸಾಕು” ಅಂದ.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ದೊಡ್ಡ ಕಾರಣ ಬೇಕಾಗಿರಲೇ ಇಲ್ಲ. “ಈಗ ಹೇಳ್ತಿಯಾ? ಮಂದಿ ಕುಂತಾರ, ಮಾಲಕ್ರು ನೋಡಾಕತ್ತಾರ. ಅರ್ಧ ತಾಸಿನ ಕೆಲಸ ಅದ. ಮನಿಯಾಗ ಹೇಳಬೇಕಿತ್ತು.”

“ಇರ್ಲಿ ಬಿಡು” ಅಂದು ಅಣ್ಣ ಮೈಕಿನ ಕಡೆ ಹೋದ.

ವಚನದ ಮೊದಲ ಎರಡು ಸಾಲು ಚೆನ್ನಾಗಿಯೇ ಬಂದವು. ಮೂರನೆಯ ಸಾಲು ಮೇಲೆ ಏರುತ್ತದೆ. ಅಣ್ಣ ಕೈ ಎತ್ತಿದ, ಬಾಯಿ ತೆರೆದ, ದನಿ ಬರಲಿಲ್ಲ. ಕೆಮ್ಮಲಿಲ್ಲ, ಮೈಕಿನಿಂದ ಹಿಂದೆಯೂ ಸರಿಯಲಿಲ್ಲ. ಬಾಯಿ ತೆರೆದೇ ಇತ್ತು, ಕುತ್ತಿಗೆಯ ನರಗಳು ಎದ್ದಿದ್ದವು, ಸ್ಪೀಕರಿನಲ್ಲಿ ಬರೀ ಗಾಳಿ ಕೇಳಿಸಿತು. ಸಭೆಗೆ ಗೊತ್ತಾಗಬಾರದೆಂದು ನಾನು ಆ ಜಾಗದಲ್ಲಿ ಗಿಟಾರ್ ಬಾರಿಸಿ ತುಂಬಿದೆ. ಹಾಗೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ತುಂಬುವುದಕ್ಕೆ ನಾಲ್ಕು ಸ್ವರ ಸಾಕಿತ್ತು. ನಾನು ಕೊನೆಯಲ್ಲಿ ಹ್ಯಾಂಡಲ್ ಹಿಡಿದು ಒತ್ತಿದೆ, ಸುರ ಬಾವಿಗೆ ಇಳಿದು ಮೇಲೆ ಬಂತು. ಜನ ಸೀಟಿ ಹೊಡೆದರು. ಅಣ್ಣ ತಿರುಗಿ ನನ್ನ ಕಡೆ ನೋಡಿ ನಕ್ಕ. ಆಮೇಲೆ ಮೈಕನ್ನು ಪಕ್ಕದವನ ಕೈಗೆ ಕೊಟ್ಟು ಸ್ಟೇಜಿನಿಂದ ಇಳಿದು ಹೋದ. ಅವನು ಮತ್ತೆ ಎಲ್ಲಿಯೂ ಹಾಡಲಿಲ್ಲ.

ಮಾಲಕರು ಹೊಸ ಗಾಯಕನೊಬ್ಬನನ್ನು ಹುಡುಕಿದರು. ಗಿಟಾರ್ ಲಾಕ್ ಆಗಿದ್ದ ಸುರಕ್ಕೇ ಹಾಡುವವನು ಬೇಕು ಎಂದು ಕೇಳಿ ಕೇಳಿ ಆರಿಸಿದರು, ಕರಿ ಎರಡು. ವಾದ್ಯಕ್ಕೆ ತಕ್ಕ ಹಾಡುಗಾರನನ್ನು ಹುಡುಕಿದ್ದು ನಮ್ಮ ಊರಲ್ಲಿ ನಾವೇ ಮೊದಲಿರಬೇಕು. ಅಣ್ಣ ಮಾರ್ಕೆಟ್ಟಿಗೆ ಹೋಗುತ್ತಿದ್ದ, ಬರುತ್ತಿದ್ದ. ಸ್ವಲ್ಪ ದಿನಕ್ಕೆ ತೂಕ ಕೂಗುವುದೂ ಆಗದೆ, ಅಂಗಡಿಯವರು ಅವನಿಗೆ ಚೀಲ ಹೊಲಿಯುವ ಕೆಲಸ ಕೊಟ್ಟರು. ಸೊಲ್ಲಾಪುರದ ಡಾಕ್ಟರು ಗಂಟಲಿನೊಳಗೆ ಗಡ್ಡೆ ನೋಡಿ, ಇದು ಇವತ್ತಿನದಲ್ಲ, ವರ್ಷದ ಮೇಲೆ ಆಗಿರಬೇಕು ಅಂದರು. ಆಪರೇಶನ್ ಆಯಿತು, ಗಡ್ಡೆ ಸುಡುವ ಕರೆಂಟ್ ಕೊಟ್ಟರು. ಮನೆಗೆ ಬಂದಾಗ ಪಿಸುಮಾತಷ್ಟು ಉಳಿದಿತ್ತು.

ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಅಣ್ಣನ ಹೆಂಡತಿ, ನಮ್ಮ ವೈನಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದರು: “ದನಿ ಹೋಗಾಕತ್ತದಂತ ಗಿಟಾರ್ ತರೋದಕ್ಕಿಂತ ಮೊದ್ಲೇ ಗೊತ್ತಿತ್ತು ಅವ್ರಿಗಿ. ದಿನಾ ನಸುಕಿನ್ಯಾಗ ಮಾಳಗಿ ಮ್ಯಾಲ ಕುಂತು ಸಣ್ಣ ದನೀಲೆ ಕೆಳಗಿನ ಸುರಕ್ಕ ಹಾಡಿ ನೋಡ್ತಿದ್ರು. ಗಿಟಾರ್ ಎರಡು ಮನಿ ಇಳೀತಂದ್ರ ಇನ್ನೊಂದೆರಡು ವರ್ಷ ಹಾಡ್ತೀನಿ ಅಂತಿದ್ರು. ನಿಮಗ ಹೇಳಬ್ಯಾಡ ಅಂದಿದ್ರು, ತಮ್ಮ ಅಂಜತಾನ ಅಂತ.”

ನಾನು ಚಹಾದ ಕಪ್ಪನ್ನು ಅಲ್ಲೇ ಇಟ್ಟು ನನ್ನ ಕೋಣೆಗೆ ಹೋಗಿ ಪಾನಾ ಹುಡುಕಿದೆ. ಲಾಕಿನ ಸ್ಕ್ರೂ ತೆಗೆದೆ, ಗಿಟಾರಿನ ಬೆನ್ನಿನ ಮುಚ್ಚಳ ಬಿಚ್ಚಿ ಸ್ಪ್ರಿಂಗ್ ಸಡಿಲ ಮಾಡಿದೆ. ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತಿತ್ತು. ಕಣ್ಣು ತುಂಬಿ ಸ್ಕ್ರೂ ಎಲ್ಲಿ ಬಿತ್ತೆಂದು ಕಾಣದೆ ಎರಡು ಸಲ ನೆಲವೆಲ್ಲ ತಡಕಾಡಿದೆ. ಚಾಚಾ ಅರ್ಧ ತಾಸು ಅಂದಿದ್ದರು, ನನಗೆ ಒಂದೂವರೆ ತಾಸು ಹಿಡಿಯಿತು. ಆರೂ ತಂತಿ ಎರಡು ಮನೆ ಕೆಳಗೆ ಬಂದು ನಿಂತ ಮೇಲೆ ಸಣ್ಣ ಆಂಪ್ಲಿಫೈಯರನ್ನೂ ಹೊತ್ತುಕೊಂಡು ಅಣ್ಣನ ಮಂಚದ ಹತ್ತಿರ ಹೋದೆ. ಅವನಿಗೆ ಎಚ್ಚರವಾಗಿತ್ತು. ನಾನು ವಚನದ ಮೊದಲ ಸಾಲು ಬಾರಿಸಿದೆ, ಎರಡನೆಯದು ಬಾರಿಸಿದೆ, ಏರುವ ಮೂರನೆಯ ಸಾಲನ್ನೂ ಬಾರಿಸಿದೆ. ಅವನು ಕಣ್ಣು ಮುಚ್ಚಿ ಕೇಳಿದ. ತುಟಿ ಅಲುಗಾಡಿದ್ದು ಕಂಡಿತು, ಏನೂ ಕೇಳಿಸಲಿಲ್ಲ.

“ಭಾಳ ಛಲೋ ಕೂತದ” ಎಂದು ಪಿಸುಗುಟ್ಟಿದ. ಆಮೇಲೆ ಕಣ್ಣು ತೆರೆದು, “ನಾಳಿ ಪ್ರೋಗ್ರಾಂ ಅದ ಅಲ್ಲ?” ಎಂದು ಕೇಳಿದ.

“ಅದ.”

“ಆ ಹುಡುಗಂದು ಕರಿ ಎರಡು. ಅವಂಗ ಇದು ಆಗಂಗಿಲ್ಲ. ಮತ್ತ ಏರಿಸು.”

ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅಣ್ಣ ನನ್ನ ಕಡೆ ನೋಡುತ್ತಲೇ ಎದ್ದು ಗೋಡೆಗೆ ಒರಗಿ ಕೂತ, ಮಂಚದ ಕೆಳಗಿನ ಪೇಟಿಯನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡ. ಒಂದು ಕೈಯಿಂದ ತಿದಿ ಒತ್ತುತ್ತ, ಇನ್ನೊಂದು ಕೈಯ ಬೆರಳನ್ನು ಎರಡನೆಯ ಕಪ್ಪು ಮನೆಯ ಮೇಲೆ ಊರಿದ. ನನ್ನ ಆರೂ ತಂತಿಗಳು ಒಂದೊಂದಾಗಿ ಆ ಸುರಕ್ಕೆ ಏರಿ ನಿಲ್ಲುವವರೆಗೆ ಅವನು ಬೆರಳು ತೆಗೆಯಲಿಲ್ಲ.