ಬೋರವ್ವ ಹಂಚಿದ ಗುಳಿಗೆ

ತಿಕೋಟಾದ ಸರ್ಕಾರಿ ದವಾಖಾನೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂತೇ ನನ್ನ ತಲೆ ನರೆಯಿತು. ಎದುರಿಗೆ ಗಟಾರು. ಬೆಳಿಗ್ಗೆ ಬಾಯಿ ನೋಯುವಂತೆ ತಿಳಿಸಿ ಹೇಳಿ ಕೊಟ್ಟ ಗುಳಿಗೆಗಳು ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ತೇಲುತ್ತಿರುತ್ತವೆ. ಪುಕ್ಕಟೆ ಸಿಕ್ಕಿದ್ದು ಔಷಧವೇ ಅಲ್ಲ ಎಂದು ನಮ್ಮ ಜನ ತೀರ್ಮಾನಿಸಿಬಿಟ್ಟಿದ್ದಾರೆ. ಅದನ್ನು ಕಂಡಾಗಲೆಲ್ಲ ನನಗೆ ಗಟಾರಿಗಿಂತ ಅವರ ಮೇಲೆಯೇ ಹೆಚ್ಚು ಹೇಸಿಗೆಯಾಗುತ್ತದೆ.

ಕಳ್ಳಕವಟಗಿಯ ಬೋರವ್ವ ಮಾತ್ರ ಗುಳಿಗೆ ಎಸೆದವಳಲ್ಲ. ಅವಳು ಮಾಡಿದ್ದು ಬೇರೆ.

ತಿಕೋಟಾದ ಮಣೂಕದ ಶೆಡ್ಡೊಂದರಲ್ಲಿ ಅವಳಿಗೆ ಕೆಲಸ. ಒಣಗಿದ ದ್ರಾಕ್ಷಿಯ ರಾಶಿಯ ಮುಂದೆ ಕೂತು ಕಡ್ಡಿ, ಕಸ, ಕರಿಕಾಳು ಆರಿಸಬೇಕು. ಗಂಡ ಸತ್ತ ಮೇಲೆ ಆಡು ಮೇಯಿಸಿ ಮಗ ಮಾಳುವನ್ನು ಬೆಳೆಸಿದವಳು. ಅವನು ಟಂಟಂ ಆಟೊ ಓಡಿಸತೊಡಗಿದ ಮೇಲೂ ಮನೆಯಲ್ಲಿ ಸುಮ್ಮನೆ ಕೂಡಲಿಲ್ಲ. ಮುಬೀನ ಎಂಬ ನನ್ನ ಹೆಸರಿಗೆ ಒಂದು ಅವ್ವ ಸೇರಿಸಿ "ಮುಬಿನವ್ವಾ" ಎಂದು ಕರೆಯುತ್ತಿದ್ದಳು. ನನ್ನ ಕಿಟಕಿಗೆ ಬರಿಗೈಯಲ್ಲಿ ಬಂದದ್ದೇ ಇಲ್ಲ. ಒಂದು ರೊಟ್ಟಿ, ಇಲ್ಲವೇ ಮುಷ್ಟಿ ಹಸಿ ಕಡಲೆ. ಬೇಡ ಎಂದರೆ ಆಕೆಗೆ ಸಿಟ್ಟು.

ಶೆಡ್ಡಿನ ಪೆಟ್ಟಿಗೆಯ ಮೊಳೆ ಅವಳ ಪಾದಕ್ಕೆ ಚುಚ್ಚಿತು. ಚುಚ್ಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಕೀವಾದ ಮೇಲೆ ದವಾಖಾನೆಗೆ ಬಂದಳು. ನಮ್ಮ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಮಿತಿ ಮೀರಿ ಏರಿತ್ತು. "ಸಕ್ಕರೆ ಇಳಿದರೆ ಗಾಯ ಒಣಗುತ್ತದೆ, ಇಳಿಯದಿದ್ದರೆ ಕಾಲಿಗೇ ಕುತ್ತು" ಎಂದರು. ಅಂದಿನಿಂದ ಬೋರವ್ವ ತಪ್ಪದೆ ಬಂದು ಗುಳಿಗೆ ಒಯ್ಯುತ್ತಿದ್ದಳು. ನರ್ಸ್ ಚಂದ್ರಕಲಾ ತಪ್ಪದೆ ಗಾಯ ತೊಳೆಯುತ್ತಿದ್ದಳು. ಸಕ್ಕರೆ ಮಾತ್ರ ಜಪ್ಪಯ್ಯ ಎಂದರೂ ಇಳಿಯಲಿಲ್ಲ.

"ಮಣೂಕ ತಿಂತಿ ಹೌದಿಲ್ಲೋ? ಖರೇ ಹೇಳ ಬೇ!" ಎಂದು ಒಂದು ದಿನ ರೇಗಿದೆ.

"ದಿನಾ ಅದರಾಗ ಕೈ ಹಾಕಿ ವಾಸನಿಗೇ ವಾಂತಿ ಬರ್ತದ ಯವ್ವಾ. ಯಾರ ತಿಂತಾರ ಅದನ್ನ?"

ಗುಟ್ಟು ರಟ್ಟಾದದ್ದು ಆರತಿಯಿಂದ. ಅದೇ ಶೆಡ್ಡಿನಲ್ಲಿ ದುಡಿಯುವ ಎಳೆಯ ಹೆಣ್ಣು. ತಲೆ ತಿರುಗಿ ಬಿದ್ದಳೆಂದು ಎತ್ತಿಕೊಂಡು ಬಂದರು. ಅವಳ ಸಕ್ಕರೆ ತೀರ ಕೆಳಗಿಳಿದಿತ್ತು. ಸಕ್ಕರೆ ನೀರು ಕುಡಿಸಿ, ಚೇತರಿಸಿಕೊಂಡ ಮೇಲೆ ಏನು ತಿಂದೆ ಎಂದು ಕೇಳಿದೆವು.

"ದಣಿವ ಆಗೇತಿ ಅಂದ್ನಿರಿ. ಬೋರವ್ವಾಯಿ ತನ್ನ ಗುಳಿಗಿ ಒಂದ ಕೊಟ್ಟಳ್ರಿ."

ಮರುದಿನ ಊಟದ ಹೊತ್ತಿಗೆ ನಾನು, ಚಂದ್ರಕಲಾ ಶೆಡ್ಡಿಗೆ ನುಗ್ಗಿದೆವು. ಹೆಂಗಸರು ದುಂಡಗೆ ಕೂತು ಬುತ್ತಿ ಬಿಚ್ಚಿದ್ದರು. ಒಬ್ಬರ ಪಲ್ಯ ಇನ್ನೊಬ್ಬರ ರೊಟ್ಟಿಯ ಮೇಲೆ. ಶೇಂಗಾ ಚಟ್ನಿಯ ಡಬ್ಬಿ ಸುತ್ತು ಹೊಡೆಯುತ್ತಿತ್ತು. ಅದರ ಹಿಂದೆಯೇ ಬೋರವ್ವನ ಗುಳಿಗೆಯ ಪಟ್ಟಿಯೂ ಸುತ್ತು ಹೊಡೆಯುತ್ತಿತ್ತು! ಕಾಲು ಉರಿಯುವವರಿಗೆ ಒಂದು, ಕಣ್ಣು ಮಂಜಾದವರಿಗೆ ಒಂದು. ಉಳಿದರೆ ಅವಳಿಗೆ.

"ಬೋರವ್ವಾ, ಅದೇನ ಚಟ್ನಿ ಏನ ಬೇ ಹಂಚಾಕ?" ಎಂದು ನಾನು ಕಿರುಚಿದೆ.

ಅವಳಿಗೆ ನಾನು ಬೈದದ್ದೇ ವಿಚಿತ್ರವೆನಿಸಿತು. "ಇಷ್ಟ ಮಂದಿ ನಡುವ ಕುಂತು ನಾ ಒಬ್ಬಾಕೀನ ಬಾಯಾಗ ಹಾಕ್ಕೊಂಡ್ರ ಗಂಟಲದಾಗ ಇಳೀತದೇನ ಯವ್ವಾ? ಬಾನುಬಿ ಕಾಲೂ ಉರಿತಾವ. ಆಕಿ ಎಲ್ಲಿಗೆ ಹೋಗಬೇಕ?"

ಪಕ್ಕದಲ್ಲಿದ್ದ ಬಾನುಬಿ ತಲೆ ತಗ್ಗಿಸಿದಳು. "ದವಾಖಾನಿಗೆ ಬಂದ್ರ ಅವತ್ತಿನ ಪಗಾರ ಹೋಗ್ತದ್ರಿ" ಎಂದಳು.

ನಾನು ಸುತ್ತ ನೋಡಿದೆ. ಮಣೂಕವನ್ನು ತೊಳೆದು, ಜರಡಿ ಹಿಡಿದು, ಬಣ್ಣ ನೋಡಿ, ಒಂದು ಕಡ್ಡಿಯೂ ಉಳಿಯದಂತೆ ಮತ್ತೆ ಮತ್ತೆ ತಪಾಸಣೆ ಮಾಡುತ್ತಾರೆ. ಅದನ್ನು ಆರಿಸುವ ಹೆಂಗಸರ ರಕ್ತವನ್ನು ಒಮ್ಮೆಯಾದರೂ ಯಾರೂ ನೋಡಿರಲಿಲ್ಲ. ಥೂ ಎನಿಸಿತು.

ಚಂದ್ರಕಲಾ ನನ್ನಂತಲ್ಲ, ಸಮಾಧಾನದ ಹೆಣ್ಣು. ಅಲ್ಲಿಯೇ ಕೂತು ಎಲ್ಲರ ಬೆರಳೂ ಚುಚ್ಚಿದಳು. ಬಾನುಬಿಯಂತೆ ಸಕ್ಕರೆ ಏರಿದವರು ಇನ್ನೂ ಹಲವರು ಸಿಕ್ಕರು. ಡಾಕ್ಟರಿಗೆ ತೋರಿಸಿ ಅವರವರಿಗೆ ತಕ್ಕ ಗುಳಿಗೆ ಶೆಡ್ಡಿಗೇ ತಂದುಕೊಟ್ಟಳು. "ಕೂಡೇ ನುಂಗ್ರಿ, ಯಾರ ಬ್ಯಾಡ ಅಂತಾರ? ಆದ್ರ ನಿಮ್ಮ ನಿಮ್ಮ ಗುಳಿಗಿ ನೀವ ನೀವ ನುಂಗ್ರಿ" ಎಂದಳು. ಬೋರವ್ವನಿಗೆ ಇದು ಒಪ್ಪಿಗೆಯಾಯಿತು. ಆಮೇಲೆ ದಿನಾ ಊಟದ ಹೊತ್ತಿಗೆ ಬಾನುಬಿ "ಹಾಂ, ತಗೀರಿ" ಎನ್ನುವಳು, ಎಲ್ಲರೂ ಒಟ್ಟಿಗೆ ನೀರು ಎತ್ತುವರು. ಪಗಾರವೂ ಹೋಗಲಿಲ್ಲ, ಸಾಲಿನಲ್ಲೂ ನಿಲ್ಲಬೇಕಾಗಲಿಲ್ಲ. ಸರ್ಕಾರ ಹೇಗೂ ಕೊಂಡಿಟ್ಟ ಗುಳಿಗೆ ಗಟಾರಿನ ಬದಲು ಹೊಟ್ಟೆಗೆ ಹೋಯಿತು, ಅಷ್ಟೇ. ಬೋರವ್ವನ ಸಕ್ಕರೆ ಇಳಿಯಿತು. ಗಾಯದ ಅಂಚು ಒಣಗತೊಡಗಿತು. ಇನ್ನೊಂದಿಷ್ಟು ದಿನ ಹೀಗೇ ನಡೆದರೆ ಕಾಲು ಉಳಿದಂತೆಯೇ ಎಂದು ಡಾಕ್ಟರು ಹೇಳಿದರು.

ಆದರೆ ಇದರಲ್ಲಿ ಮಾಳುವಿನ ದೊಡ್ಡಸ್ತಿಕೆ ಎಲ್ಲಿ ಬಂತು? ಜೈನಾಪುರದ ಅವನ ಮಾವ ರೇವಪ್ಪ ಮನೆಗೆ ಬಂದವನು, "ಹೆತ್ತ ಅವ್ವನ್ನ ಬರೇ ಸರ್ಕಾರಿ ಗುಳಿಗಿ ಮ್ಯಾಲ ಇಟ್ಟೀಯಲ್ಲೋ, ಒಂದ ಸಲಾಯಿನ್ ಬಾಟ್ಲಿನರ ಹಚ್ಚಿಸಬಾರದ?" ಎಂದನಂತೆ. ಅಷ್ಟು ಸಾಕಾಯಿತು. ಮಾಳು ತಾಯಿಯನ್ನು ಟಂಟಂನಲ್ಲಿ ಹೇರಿಕೊಂಡು ಬಬಲೇಶ್ವರದ ಕಡೆ ಒಂದು ಖಾಸಗಿ ದವಾಖಾನೆಗೆ ಒಯ್ದ.

ಊಟದ ದುಂಡಿನಲ್ಲಿ ಅವಳ ಜಾಗ ಖಾಲಿ ಕಂಡು ಬಾನುಬಿ ನನ್ನ ಕಿಟಕಿಗೆ ಬಂದಳು. "ಬೋರವ್ವ ಬರವಲ್ಲಳಲ್ರಿ. ಮಾಳುಗ ಫೋನ್ ಹಚ್ಚಿದ್ರ ಆರಾಮ ಅದಾಳ ಅಂತಾನ." ನನಗೆ ಅನುಮಾನ ಬಂತು. ವಿಚಾರಿಸಿಕೊಂಡು ಆ ಖಾಸಗಿ ದವಾಖಾನೆಗೇ ಹೋದೆ.

ಆ ಕೋಣೆಯನ್ನು ನೆನೆದರೆ ಇವತ್ತಿಗೂ ವಾಕರಿಕೆ ಬರುತ್ತದೆ. ಮಂಚದ ಪಕ್ಕ ಬಾಳೆಹಣ್ಣಿಗೆ ಊದುಬತ್ತಿ ಚುಚ್ಚಿಟ್ಟಿದ್ದರು. ಕೊಳೆತ ವಾಸನೆ ಅಡಗಿಸಲು! ಮೇಲೆ ತೂಗುತ್ತಿದ್ದ ಬಾಟಲಿ ಓದಿದೆ. ಗ್ಲೂಕೋಸು. ಸಕ್ಕರೆ ಕಾಯಿಲೆಯವಳ ನರಕ್ಕೆ ಸಕ್ಕರೆ ನೀರು. ತಲೆದೆಸೆಯಲ್ಲಿ ನೋಡಲು ಬಂದ ಬೀಗರ ಪೇಡೆ ಡಬ್ಬಿ. ಕಾಲಿಗೆ ಸುತ್ತಿದ ಬಟ್ಟೆಯನ್ನು ಬಂದ ದಿನದಿಂದ ಯಾರೂ ಬಿಚ್ಚಿರಲಿಲ್ಲ.

"ಗುಳಿಗಿ?" ಎಂದು ಕೇಳಿದೆ.

"ಸಲಾಯಿನ್ನಾಗ ಎಲ್ಲಾ ಬರ್ತದ ಅಂದಾರ್ರಿ, ಅದಕ್ಕ ಗುಳಿಗಿ ಬಂದ್ ಮಾಡೇವಿ" ಎಂದ ಮಾಳು, ಮಹಾ ಸೇವೆ ಮಾಡಿದವನ ಠೀವಿಯಲ್ಲಿ.

ನಾನೇ ಬಟ್ಟೆ ಬಿಚ್ಚಿದೆ. ಪಾದ ಕರ್ರಗಾಗಿ, ಬೆರಳ ಸಂದಿಯಲ್ಲಿ ಹುಳು ಹರಿದಾಡುತ್ತಿದ್ದವು. ಬೋರವ್ವ ಜ್ವರದಲ್ಲಿ ಕಣ್ಣು ತೆರೆದು, "ನೀ ಬಂದೀ ಯವ್ವಾ? ಪೇಡೆ ತಗೋ" ಎಂದಳು. ಆ ಡಬ್ಬಿಯನ್ನು ಎತ್ತಿ ಗೋಡೆಗೆ ಬಡಿದೆ. ಡಾಕ್ಟರು ಎನಿಸಿಕೊಂಡವನು ಬಾಗಿಲಲ್ಲಿ ನಿಂತು, "ಪೇಶಂಟಿನ ಮನಿಯವ್ರೇ ಕೇಳಿದ್ರು, ನಾವು ಹಚ್ಚಿದ್ವಿ" ಎಂದ. ಅಂಗಡಿಯಲ್ಲಿ ಬೆಲ್ಲ ಕೇಳಿದರು, ತೂಗಿಕೊಟ್ಟೆ ಎನ್ನುವಷ್ಟೇ ಸಲೀಸಾಗಿ.

ವಿಜಯಪುರದ ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ಜೀವ ಉಳಿಯಿತು. ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ವಾರ್ಡಿಗೆ ತಂದ ಮೇಲೆ ನಾನು, ಚಂದ್ರಕಲಾ ನೋಡಲು ಹೋದೆವು. ಮಾಳು ಮಂಚದ ಪಕ್ಕ ನೆಂಟರನ್ನು ಕೂಡಿಸಿಕೊಂಡು, "ನಾ ಏನೂ ಕಮ್ಮಿ ಮಾಡಿಲ್ರಿ. ಬಾಟ್ಲಿ ಮ್ಯಾಲ ಬಾಟ್ಲಿ ಹಚ್ಚಿಸೀನಿ" ಎನ್ನುತ್ತಿದ್ದ. ರೇವಪ್ಪ ತಲೆದೂಗಿ, "ಮಗಾ ಅಂದ್ರ ಹಿಂಗಿರಬೇಕ" ಎಂದ. ಅವರ ಮುಖದ ಮೇಲೆ ಉಗಿಯದೆ ಹೇಗೆ ನಿಂತೆನೋ ಕಾಣೆ.

ಅಷ್ಟರಲ್ಲಿ ಮಾಳು ಮತ್ತೆ ಮತ್ತೆ ನೀರು ಕುಡಿಯುವುದನ್ನು, ಮತ್ತೆ ಮತ್ತೆ ಎದ್ದು ಹೊರಗೆ ಹೋಗುವುದನ್ನು ಚಂದ್ರಕಲಾ ಗಮನಿಸಿದ್ದಳು. ಅವನ ಕೈ ಹಿಡಿದು ಬೆರಳು ಚುಚ್ಚಿದಳು. ಸಕ್ಕರೆ ತಾಯಿಯಷ್ಟೇ ಏರಿತ್ತು. ಅವನಿಗೆ ವಿಷಯ ಹೇಳಿದಳು.

"ಮೇಡಮ್ಮಾರ, ನನಗೂ ಒಂದ ಸಲಾಯಿನ್ ಹಚ್ಚಿಸಿಬಿಡ್ರಿ" ಎಂದ.

ಬೋರವ್ವ ಅಲ್ಲಿಯವರೆಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಈಗ ಹೊರಳಿ, ಹೊದಿಕೆಯನ್ನು ಕಿತ್ತೆಸೆದಳು. ಮೋಟುಗಾಲು ಎಲ್ಲರ ಮುಂದೆ ಬಯಲಾಯಿತು. ನೆಂಟರು ಮುಖ ತಿರುಗಿಸಿದರು. ಅವಳು ಮಾಳುವಿನ ಕೈ ಹಿಡಿದೆಳೆದು, ಮೋಟಿಗೆ ಸುತ್ತಿದ ಬಟ್ಟೆಯ ಮೇಲೆ ಒತ್ತಿ ಹಿಡಿದಳು. ನೋವಿಗೆ ಅವಳ ತುಟಿ ನಡುಗುತ್ತಿತ್ತು.

"ಕೈ ತಗೀಬ್ಯಾಡ ಲೇ" ಎಂದಳು. "ಗುಳಿಗಿ ನುಂಗ್ತೀನಿ ಅನ್ನೂತನಕ ತಗೀಬ್ಯಾಡ."