ಕಾಳು ಕಾಯುವ ಗಂಟಕ್ಕ

ಇನ್ನೂ ಬೆಳಕು ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಬೆಲ್ಟು ಕುಂಟುತ್ತಾ ಹೊರಟಿದೆ. ಅದರ ಮೇಲೆ ಹಾಲಿನ ಕವರು, ಶಾಂಪೂ ಡಬ್ಬಿ, ಒಡೆದ ಬಕೆಟ್ಟು. ಬೆಲ್ಟಿನ ಪಕ್ಕ ನಿಂತ ನಾಲ್ವರು ಹೆಂಗಸರಲ್ಲಿ ಮೊದಲನೆಯವಳು ಕಣ್ಣಿಗಿಂತ ಬೆರಳನ್ನೇ ಹೆಚ್ಚು ನಂಬುತ್ತಾಳೆ. ಮುಟ್ಟುತ್ತಾಳೆ, ಹಿಂಡುತ್ತಾಳೆ, ಮುಂದಕ್ಕೆ ತಳ್ಳುತ್ತಾಳೆ. ಗಂಟು ಹಾಕಿದ ಕವರು ಬಂದರೆ ಮಾತ್ರ ಕೈ ನಿಲ್ಲುತ್ತದೆ. ಕತ್ತರಿ ಹಾಕಿದರೆ ಒಳಗಿದ್ದದ್ದೆಲ್ಲ ಬೆಲ್ಟಿನ ಮೇಲೆ ಚೆಲ್ಲಾಪಿಲ್ಲಿ. ಹಾಗಾಗಿ ಉಗುರಿನಿಂದಲೇ ಬಿಚ್ಚಬೇಕು. ಅದಕ್ಕೆಂದೇ ಕೈಗವಸಿನ ಹೆಬ್ಬೆರಳಿನ ತುದಿ ಕತ್ತರಿಸಿಕೊಂಡಿದ್ದಾಳೆ. ಎಲ್ಲರ ಬಾಯಲ್ಲೂ ಆಕೆ ಗಂಟಕ್ಕ.

ಇಲ್ಲಿ ಪ್ಲಾಸ್ಟಿಕ್ಕನ್ನು ಕರಗಿಸಿ ಮತ್ತೆ ಬಕೆಟ್ಟು ಮಾಡುವುದಿಲ್ಲ. ಚೂರು ಮಾಡಿ, ಗಾಳಿಯಾಡದ ಒಲೆಯಲ್ಲಿ ಕಾಯಿಸಿ, ಏಳುವ ಆವಿಯನ್ನು ಸಾಸಿವೆಯಷ್ಟು ಸಣ್ಣ ಗುಂಡುಗಳ ನಡುವೆ ಹಾಯಿಸುತ್ತಾರೆ. ಆ ಗುಂಡುಗಳೇ ವೇಗವರ್ಧಕ. ತಾವು ಖರ್ಚಾಗದೆ ಪ್ಲಾಸ್ಟಿಕ್ಕಿನ ಉದ್ದುದ್ದ ಸರಪಳಿಗಳನ್ನು ತುಂಡು ಮಾಡುತ್ತವೆ. ಆವಿ ತಣಿದಾಗ ಎಣ್ಣೆ. ಆ ಎಣ್ಣೆಯಿಂದ ಮತ್ತೆ ಹೊಸ ಪ್ಲಾಸ್ಟಿಕ್ಕು. ಕೆಲಸಗಾರರು ಆ ಗುಂಡುಗಳನ್ನು ‘ಕಾಳು’ ಎನ್ನುತ್ತಾರೆ. ಕಾಳಿಗೆ ಒಂದು ಜಾತಿಯ ಪ್ಲಾಸ್ಟಿಕ್ ಕಂಡರೆ ಆಗದು: ಪಿವಿಸಿ. ಮಾತ್ರೆಯ ಪಟ್ಟಿ, ಪೈಪಿನ ತುಂಡು, ಮೇಜಿನ ಹಾಸು. ಕಾಯಿಸಿದರೆ ಆಸಿಡ್ಡಾಗಿ ಕಾಳನ್ನು ಕೊಲ್ಲುತ್ತದೆ.

"ಜನ ಬೇಡದ್ದನ್ನ ಕವರಿಗೆ ತುರುಕಿ ಗಂಟು ಹಾಕ್ತಾರೆ. ಕಣ್ಣಿಗೆ ಕಾಣದಿದ್ರೆ ಮುಗೀತು ಅಂತ. ನಮಗೆ ಅಲ್ಲಿಂದಾನೇ ಶುರು," ಎಂದು ಗಂಟಕ್ಕ ನಗುತ್ತಾಳೆ.

ದಿನಕ್ಕೆ ಮೂರು ಟನ್ ಕಸ ಈ ಬೆಲ್ಟಿನ ಮೇಲೆ ಹಾಯುತ್ತದೆ. ಆಕೆಯ ಪಾಲಿಗೆ ಆರುನೂರು ಗಂಟು, ಕೆಲವು ದಿನ ಇನ್ನೂ ಹೆಚ್ಚು. ಸಂಜೆ ಮನೆಗೆ ಹೋದರೂ ಬೆರಳು ಸುಮ್ಮನಿರುವುದಿಲ್ಲ. "ನನ್ನ ಶೂ ಲೇಸನ್ನೂ ಬಿಡಲ್ಲ ಅಮ್ಮ," ಎಂದು ಮಗಳ ದೂರು. ಅತ್ತೆಯಂತೂ ಮಾತ್ರೆ ನುಂಗಿದ ಮೇಲೆ ಖಾಲಿ ಪಟ್ಟಿಯನ್ನು ಸೊಸೆಯ ಕೈಗೇ ಒಪ್ಪಿಸುತ್ತಾರೆ: "ತಗೋಮ್ಮ, ನಿನ್ನ ಶತ್ರು."

ಗಂಟಿನ ಮೇಲೆ ಈ ಹಟ ಸುಮ್ಮನೆ ಬಂದದ್ದಲ್ಲ. ಒಂದೂವರೆ ತಿಂಗಳ ಹಿಂದೆ ಒಂದು ಬೆಳಿಗ್ಗೆ ಮಗಳಿಗೆ ಮೈ ಸುಡುವ ಜ್ವರ. ಬೇಗ ಮುಗಿಸಿ ಹೊರಡುವ ಆತುರದಲ್ಲಿ ಬಿಗಿಯಾಗಿ ಕಟ್ಟಿದ್ದ ದೊಡ್ಡ ಕಪ್ಪು ಚೀಲವೊಂದನ್ನು ಹಾಗೇ ಬಿಟ್ಟಳು. ಅದರ ತುಂಬ ಯಾವುದೋ ಔಷಧಿ ಅಂಗಡಿಯ ಹಳೇ ಮಾತ್ರೆ ಪಟ್ಟಿ. ಮೂರೇ ದಿನದಲ್ಲಿ ಎಣ್ಣೆ ಮೇಣದಂತೆ ಗಟ್ಟಿಯಾಯಿತು. ಕಾಳೆಲ್ಲ ಹೊರಗೆ ಸುರಿದಾಗ ಬರೀ ಬೂದು ಪುಡಿ. ಯಾರೂ ಕೇಳುವ ಮೊದಲೇ ಆಕೆ ಮಾಲೀಕರ ಬಳಿ ಹೋಗಿ ಹೇಳಿದಳು: "ನಾನೇ ಬಿಟ್ಟಿದ್ದು ಸಾರ್."

ಮಾಲೀಕರು ಹೊಸ ಕಾಳು ತುಂಬಿಸಿದರು, ಜೊತೆಗೊಂದು ಮಾತನ್ನೂ ಇಟ್ಟರು. ಇದು ನಲವತ್ತು ದಿನ ಬಾಳಿದರೆ ಸರಿ, ಇಲ್ಲದಿದ್ದರೆ ಒಲೆ ಆರಿಸಿ ಬರೀ ಚೂರು ಮಾಡಿ ಮಾರುವುದು. ಆಗ ಹೆಕ್ಕುವವರು ಬೇಕಿಲ್ಲ, ಬೆಲ್ಟಿನ ನಾಲ್ವರೂ ಮನೆಗೆ. ಇವತ್ತು ನಲವತ್ತನೆಯ ದಿನ.

ಒಂಬತ್ತಕ್ಕೆಲ್ಲ ಸೂಪರ್‌ವೈಸರ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. "ಹೊರಗೆ ಎರಡು ಲಾರಿ ಕಾಯ್ತಿವೆ. ಇವತ್ತೊಂದಿನ ಗಂಟು ಗಿಂಟು ನೋಡ್ಬೇಡಮ್ಮ."

"ಅವತ್ತೂ ಒಂದಿನಾನೇ ಸಾರ್ ನೋಡ್ದೇ ಇದ್ದಿದ್ದು."

"ಅಕ್ಕಾ, ಸಾಹೇಬ್ರ ಮುಖದ ಗಂಟೂ ಸ್ವಲ್ಪ ಬಿಚ್ಚೇ," ಎಂದು ಪಕ್ಕದವಳು ಮೆಲ್ಲಗೆ ಚುಚ್ಚುತ್ತಾಳೆ.

"ಅದು ನನ್ನ ಉಗುರಿಗೆ ಬಗ್ಗಲ್ಲ ಕಣೇ. ಅದಕ್ಕೆ ಕಾಫೀನೇ ಆಗ್ಬೇಕು."

ನಗು ಮುಗಿಯುವುದರೊಳಗೆ ಆಕೆಯ ಅಂಗೈ ಕೆಂಪು ಗುಂಡಿಯ ಮೇಲೆ ಬಿದ್ದಿರುತ್ತದೆ. ಬೆಲ್ಟು ಗಕ್ಕನೆ ನಿಲ್ಲುತ್ತದೆ. ಎದುರಿಗೆ ಬೇಳೆ ಮೂಟೆಯಷ್ಟು ದಪ್ಪದ ಚೀಲ, ಮೂರು ಸುತ್ತಿನ ಗಂಟು. "ಏನಮ್ಮಾ ಇದು!" ಎಂದು ಸೂಪರ್‌ವೈಸರ್ ಗದರುತ್ತಾರೆ. ಆಕೆ ತಲೆ ಎತ್ತುವುದಿಲ್ಲ. ಒಂದು ಸುತ್ತು, ಎರಡು, ಮೂರು. ಒಳಗೆ ಮಡಚಿ ತುರುಕಿದ ಪಾರದರ್ಶಕ ನಳಿಗೆಗಳು. ತಾಮ್ರದ ತಂತಿಯನ್ನು ಪಕ್ಕದ ಸಣ್ಣ ಸ್ಟೌವಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ನಳಿಗೆಗೆ ತಾಗಿಸಿ, ಮತ್ತೆ ಉರಿಗೆ ಹಿಡಿಯುತ್ತಾಳೆ. ಉರಿ ಹಚ್ಚ ಹಸಿರಾಗುತ್ತದೆ.

ಹಸಿರು ಉರಿ ಅಂದರೆ ಪಿವಿಸಿಯೇ. ಸೂಪರ್‌ವೈಸರ್ ಚೀಲವನ್ನು ತಾವೇ ಹೊತ್ತು ಹೊರಗಿಟ್ಟು ಬರುತ್ತಾರೆ. ಲಾರಿಗಳು ಮಧ್ಯಾಹ್ನದವರೆಗೂ ಕಾಯುತ್ತವೆ.

ನಾಲ್ಕು ಗಂಟೆಗೆ ಲ್ಯಾಬಿನ ಹುಡುಗಿ ಗಾಜಿನ ಸೀಸೆ ಹಿಡಿದು ಓಡಿ ಬರುತ್ತಾಳೆ. ಎಣ್ಣೆ ತಿಳಿಯಾಗಿ ಜೇನಿನ ಬಣ್ಣಕ್ಕಿದೆ. "ನಲವತ್ತು ಮುಗೀತು ಅಕ್ಕಾ! ಕಾಳಿಗೆ ಏನೂ ಆಗಿಲ್ಲ. ಒಲೆ ಆರಿಸಲ್ವಂತೆ. ನಿಂಗೇನು ಬೇಕು ಕೇಳು, ಸಾರ್‌ಗೆ ಹೇಳ್ತೀನಿ."

ಆಕೆ ಕೈಗವಸು ಬಿಚ್ಚುತ್ತಾಳೆ. "ಸತ್ತ ಕಾಳು ನೋಡಿದ್ದೀನಿ. ಬದುಕಿರೋ ಕಾಳು ಹೇಗಿರುತ್ತೆ ಅಂತ ಒಂದ್ಸಲ ಕಣ್ಣಾರೆ ನೋಡ್ಬೇಕು ಅಂತ ಆಸೆ, ಅಷ್ಟೆ."

"ಅದಕ್ಕೆ ಒಲೆ ನಿಲ್ಸಿ ಮುಚ್ಚಳ ತೆಗೀಬೇಕಾಗುತ್ತಲ್ಲ..."

"ಅಯ್ಯೋ, ಬೇಡವೇ ಬೇಡ!" ಆಕೆ ಎರಡೂ ಕೈ ಅಡ್ಡ ಹಿಡಿಯುತ್ತಾಳೆ. "ಅದರ ಪಾಡಿಗೆ ಅದು ನಡೀಲಿ ಬಿಡು."